ತಮ್ಮ ಜೈಲಿನಲ್ಲಿದ್ದಾನೆ: ಬೇಲ್ ಹಾಕಿಸೋದಾ, ಚಟ ಬಿಡೋವರೆಗೂ ಅಲ್ಲೇ ಇರಲಿ ಅನ್ನೋದಾ?

ಮಲೆನಾಡಿನ ಅಕ್ಕ

ಹೆಸರು, ಊರು ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ನನ್ನ ತಮ್ಮನಿಗೆ 24 ವರ್ಷ. ಪೇಟೆಯಲ್ಲಿ ಡೆಲಿವರಿ ಕೆಲಸಕ್ಕಿದ್ದ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಕಾಲಿಗೆ ಪೆಟ್ಟಾಯಿತು. ನೋವಿಗೆ ಅಂತ ಟಪೆಂಟಡಾಲ್ ಮಾತ್ರೆ ಶುರುವಾಯಿತು. ಕಾಲು ನೋವು ಹೋಯಿತು, ಮಾತ್ರೆ ಹೋಗಲಿಲ್ಲ. ಆಮೇಲೆ ಸ್ನೇಹಿತರ ಜೊತೆ ಸೇರಿ ಚುಚ್ಚಿಕೊಳ್ಳುವ ಮಟ್ಟಕ್ಕೆ ಬಂದ. ಮೊದಲು ಮನೆಯ ಹಿತ್ತಾಳೆ ಹಂಡೆ ಮಾಯವಾಯಿತು. ಆಮೇಲೆ ಅಮ್ಮನ ಓಲೆ. ಕೊನೆಗೆ ಯಾರದೋ ಮೊಬೈಲ್ ಕಿತ್ತುಕೊಂಡು ಓಡಿ ಸಿಕ್ಕಿಬಿದ್ದ. ಜೈಲಿಗೆ ಹೋಗಿ ಇವತ್ತಿಗೆ 19 ದಿನ.

ಐದನೇ ದಿನ ನೋಡಲು ಹೋದಾಗ ಅವನಿಗೆ ನೆಟ್ಟಗೆ ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ವಾಂತಿ, ಭೇದಿ, ಮೂಗು ಕಣ್ಣಲ್ಲಿ ನೀರು. "ಎಲ್ಲ ನಾಟಕ ಕಣಮ್ಮ, ನಾಲ್ಕು ದಿನ ಬಿಟ್ಟರೆ ತಾನೇ ಸರಿಹೋಗ್ತಾನೆ" ಅಂದರು ಅಲ್ಲಿದ್ದವರು. ಮೊನ್ನೆ ಹೋದಾಗ ನಿಜವಾಗಲೂ ಸರಿಹೋಗಿದ್ದ. ಮುಖದಲ್ಲಿ ಕಳೆ ಬಂದಿತ್ತು. ಎರಡು ವರ್ಷದ ನಂತರ ಮೊದಲ ಸಲ "ಊಟ ಆಯ್ತಾ ಅಕ್ಕ" ಅಂತ ಕೇಳಿದ.

ಈಗ ಅಮ್ಮನದು ಒಂದೇ ಮಾತು. "ಬೇಲ್ ಹಾಕಿಸಬೇಡ. ಆರು ತಿಂಗಳು ಅಲ್ಲೇ ಇರಲಿ, ಚಟ ಬಿಟ್ಟುಹೋಗಲಿ." ಸೋದರಮಾವನೂ ಹಾಗೇ ಅಂತಾರೆ. ಜಾಮೀನು ಸಿಗುತ್ತೆ ಅಂತ ವಕೀಲರು ಹೇಳಿದ್ದಾರೆ. ನಾನು ಸಹಿ ಹಾಕದೆ ಕೂತಿದ್ದೇನೆ. ಜೈಲಿನಲ್ಲಿ ಇದಕ್ಕೆಲ್ಲ ಚಿಕಿತ್ಸೆ ಅಂತ ಇರುತ್ತಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸುಮ್ನೆ ಓದುಗ

ನಿಮ್ಮ ಅಮ್ಮ ಹೇಳೋದು ಸರಿ ಅನಿಸುತ್ತೆ ಅಕ್ಕ. ನಮ್ಮೂರಲ್ಲಿ ಒಬ್ಬ ಮೂರು ತಿಂಗಳು ಒಳಗಿದ್ದು ಬಂದ, ಮೈಕೈ ತುಂಬಿಕೊಂಡು ಬಂದಿದ್ದ. ಹೊರಗಿದ್ದರೆ ಕುಡಿದೇ ಸಾಯುತ್ತಿದ್ದ.

ತೆರಿಗೆದಾರ

ಒಂದು ಮಾತು ಖಾರವಾಗಿ ಹೇಳ್ತೀನಿ. ನನ್ನ ಮೊಬೈಲನ್ನೂ ಹೀಗೇ ಒಬ್ಬ ಕಿತ್ತುಕೊಂಡು ಹೋದ. ಬಿದ್ದು ಮೊಣಕೈ ಮುರೀತು. ಆಸ್ಪತ್ರೆ ಖರ್ಚು ನಾನೇ ಕಟ್ಟಿದೆ. ಈಗ ಅವನ ಚಟ ಬಿಡಿಸಲಿಕ್ಕೂ ನನ್ನ ತೆರಿಗೆ ದುಡ್ಡೇ ಬೇಕಾ? ಸರ್ಕಾರಿ ಆಸ್ಪತ್ರೆಯಲ್ಲಿ ಕಳ್ಳತನ ಮಾಡದ ಬಡವರಿಗೇ ಹಾಸಿಗೆ ಸಿಗಲ್ಲ.

ಬೀಗದಕೈ

ನಾನು ಜೈಲಿನಲ್ಲಿ ವಾರ್ಡರ್ ಆಗಿ ಶುರುಮಾಡಿ 27 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಯಾವ ಜೈಲು ಅಂತ ಕೇಳಬೇಡಿ.

ಒಳಗಿದ್ದರೆ ಚಟ ತಾನಾಗಿ ಬಿಡುತ್ತೆ ಅನ್ನೋದು ಹೊರಗಿನವರ ನಂಬಿಕೆ. ಒಳಗೆ ಬೀಡಿಯೇ ನೋಟು. ಒಂದು ಕಟ್ಟು ಬೀಡಿಗೆ ಇನ್ನೊಬ್ಬನ ಬಟ್ಟೆ ವಾರವಿಡೀ ಒಗೆಯುವವರನ್ನು ನೋಡಿದ್ದೇನೆ. ಗೋಡೆ ಆಚೆಯಿಂದ ಟೆನಿಸ್ ಚೆಂಡು ಬೀಳುತ್ತೆ, ಕೊಯ್ದು ನೋಡಿದರೆ ಒಳಗೆ ಗಾಂಜಾ. ಕೋರ್ಟಿಗೆ ಹೋಗಿ ಬರುವವರು ಎಲ್ಲೆಲ್ಲಿ ಬಚ್ಚಿಟ್ಟು ತರ್ತಾರೆ ಅಂತ ಇಲ್ಲಿ ಬರೆಯೋಕಾಗಲ್ಲ. ನಮ್ಮವರಲ್ಲೂ ಕೈ ಕೆಡಿಸಿಕೊಂಡವರಿದ್ದರು. ಸುಳ್ಳು ಹೇಳಲ್ಲ. ಹೊರಗೆ ಗಾಂಜಾ ಮುಟ್ಟದ ಹುಡುಗರು ಒಳಗೆ ಕಲಿತಿದ್ದೂ ಉಂಟು. ದಿನ ಹೋಗಬೇಕಲ್ಲ ಅಂತಾರೆ.

"ನಾಟಕ" ಅನ್ನೋ ಮಾತನ್ನು ನಾನೂ ಎಷ್ಟು ಸಲ ಆಡಿದ್ದೇನೋ. ಒಬ್ಬ ಇದ್ದ. ಹೊಲದ ಬದುವಿನ ಜಗಳದಲ್ಲಿ ಒಳಗೆ ಬಂದವನು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಸಾರಾಯಿ ಬೇಕಿದ್ದ ಆಸಾಮಿ. ಎರಡನೇ ದಿನ ಕೈ ನಡುಕ. ಮೂರನೇ ರಾತ್ರಿ ಗೋಡೆ ಮೇಲೆ ಇರುವೆ ಸಾಲು ಹತ್ತುತ್ತಿದೆ ಅಂತ ಒರೆಸುತ್ತಲೇ ಇದ್ದ. ಎತ್ತುಗಳನ್ನು ಹೆಸರು ಹಿಡಿದು ಕರೆಯುತ್ತಿದ್ದ, "ಹೋಯ್ ರಾಮ, ಹೋಯ್ ಬಸವ" ಅಂತ. ಬ್ಯಾರಕ್ಕಿನವರು ನಕ್ಕರು. ಕೆಲವರು ಗಾಳಿ ಸೋಕಿದೆ ಅಂದರು. ನಾವು ಬೈದು ಮಲಗಿಸಿದೆವು. ಬೆಳಗಿನ ಜಾವ ಫಿಟ್ಸ್ ಬಂತು. ವ್ಯಾನು ಬರುವಷ್ಟರಲ್ಲಿ ಹೋಗಿಬಿಟ್ಟ. ಕುಡಿತ ನಿಲ್ಲಿಸಿದ್ದಕ್ಕೆ ಮನುಷ್ಯ ಸಾಯ್ತಾನೆ ಅನ್ನೋದೇ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಸ್ಟೆತೊಸ್ಕೋಪ್

ಬೀಗದಕೈ ಅವರೇ, ನೀವು ಇದನ್ನು ಬರೆದಿದ್ದು ಒಳ್ಳೆಯದಾಯಿತು. ನಾನು ನಾಲ್ಕು ವರ್ಷ ಜೈಲಿನ ವೈದ್ಯಾಧಿಕಾರಿ ಆಗಿದ್ದೆ. ನೀವು ಹೇಳಿದ ಸ್ಥಿತಿಗೆ ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ದಿನಾ ವಿಪರೀತ ಕುಡಿಯುತ್ತಿದ್ದವನು ದಿಢೀರನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಈ ಇರುವೆ, ಎತ್ತು ಕಾಣಿಸಿಕೊಳ್ಳುತ್ತವೆ. ಡೈಜೆಪಾಮ್ ಅಥವಾ ಲೊರಾಜೆಪಾಮ್, ಜೊತೆಗೆ ಥಯಮಿನ್ ಅನ್ನೋ ಬಿ-1 ವಿಟಮಿನ್ ಚುಚ್ಚುಮದ್ದು. ಇಷ್ಟನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಬಹುಪಾಲು ಜನ ಉಳೀತಾರೆ. ದುಬಾರಿ ಔಷಧವೂ ಅಲ್ಲ. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಮಾತ್ರ ಮೆದುಳಿಗೆ ಪೆಟ್ಟು ಬೀಳುವ ಅಪಾಯ ಇದೆ.

ಅಕ್ಕ, ನಿಮ್ಮ ತಮ್ಮನದು ಬೇರೆ. ಅದು ಅಫೀಮಿನ ಜಾತಿಯ ಔಷಧ. ನಿಲ್ಲಿಸಿದಾಗ ಪಡುವ ಯಾತನೆ ಭಯಂಕರ. ಆದರೆ ನೀರಿನಂಶ ಕಳೆದುಕೊಳ್ಳದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಅದರಿಂದ ಜೀವ ಹೋಗಲ್ಲ. ಅವನು ಆ ಹೊಳೆ ದಾಟಿದ್ದಾನೆ. ನನಗೆ ಈಗ ಭಯ ಇರೋದು ಅವನು ಹೊರಗೆ ಬರುವ ದಿನದ ಬಗ್ಗೆ.

ಯಾಕೆ ಅಂದರೆ, ಗದ್ದೆ ಕೆಲಸ ಬಿಟ್ಟು ಆರು ತಿಂಗಳಾದವನ ಅಂಗೈ ಮೆತ್ತಗಾಗಿರುತ್ತೆ ಅಲ್ವಾ? ಹಳೇ ಹುರುಪಿನಲ್ಲಿ ಒಂದೇ ದಿನ ಗುದ್ದಲಿ ಹಿಡಿದರೆ ಬೊಬ್ಬೆ ಏಳುತ್ತೆ. ದೇಹವೂ ಹಾಗೇ. ಮೊದಲು ತಡೆದುಕೊಳ್ಳುತ್ತಿದ್ದ ಪ್ರಮಾಣವನ್ನು ಈಗ ತಡೆಯಲ್ಲ. ಆಸೆ ಮಾತ್ರ ಹಳೆಯದೇ. ಹೊರಗೆ ಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರಾಟ ನಿಂತುಬಿಡುತ್ತೆ. "ಆರು ತಿಂಗಳು ಒಳಗಿರಲಿ" ಅನ್ನೋದರಲ್ಲಿ ಇರುವ ಮೋಸ ಇದು. ಒಳಗೆ ಚಿಕಿತ್ಸೆ ಆಗದಿದ್ದರೆ ಆ ಆರು ತಿಂಗಳು ಅವನನ್ನು ಇನ್ನಷ್ಟು ಅಪಾಯಕ್ಕೆ ತಳ್ಳುತ್ತೆ.

ಇದು ಒಬ್ಬಿಬ್ಬರ ಕಥೆ ಅಲ್ಲ. ನಿಮ್ಹಾನ್ಸ್‌ನವರು ಬೆಂಗಳೂರು ಕೇಂದ್ರ ಕಾರಾಗೃಹದ 5024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಕೊಟ್ಟರು. ನೂರಕ್ಕೆ 79.6 ಮಂದಿಗೆ ಒಂದೋ ಮಾನಸಿಕ ಕಾಯಿಲೆ, ಇಲ್ಲವೇ ಚಟದ ಸಮಸ್ಯೆ. ಚಟವನ್ನು ಪಕ್ಕಕ್ಕಿಟ್ಟು ಎಣಿಸಿದರೆ ಅದು 27.6ಕ್ಕೆ ಇಳಿಯಿತು. ನಡುವಿನ ಅಂತರ ನೋಡಿ. ನಾನಿದ್ದ ಜೈಲಿನಲ್ಲಿ ಇಂಥವರಿಗೆಲ್ಲ ಇದ್ದದ್ದು ನಾನೊಬ್ಬ ಎಂಬಿಬಿಎಸ್ ಡಾಕ್ಟರು, ಒಬ್ಬ ಫಾರ್ಮಸಿಸ್ಟು.

ದೂರದ ದಾದಿ

ನಾನು ಅಮೆರಿಕದಲ್ಲಿ ರೋಡ್ ಐಲೆಂಡ್ ಹತ್ತಿರ ನರ್ಸ್. ಮೂಲ ಊರು ಪುತ್ತೂರು ಕಡೆ. ಡಾಕ್ಟರು ಹೇಳಿದ್ದಕ್ಕೆ ಇಲ್ಲಿ ಲೆಕ್ಕವೇ ಇದೆ. ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,237 ಜನರ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊರಬಂದ ಮೊದಲ ಎರಡು ವಾರದಲ್ಲಿ ಅವರು ಸಾಯುವ ಸಂಭವ ಉಳಿದ ಜನರಿಗಿಂತ 12.7 ಪಟ್ಟು ಜಾಸ್ತಿ. ಡೋಸ್ ಹೆಚ್ಚಾಗಿ ಸಾಯುವುದೊಂದನ್ನೇ ನೋಡಿದರೆ 129 ಪಟ್ಟು. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ರೋಡ್ ಐಲೆಂಡ್ 2016ರಲ್ಲಿ ಒಂದು ಕೆಲಸ ಮಾಡಿತು. ಚಿಕ್ಕ ರಾಜ್ಯ, ಜೈಲೆಲ್ಲ ಒಂದೇ ಕಡೆ. ಒಳಗೆ ಬರುವ ಎಲ್ಲರನ್ನೂ ಚಟದ ಬಗ್ಗೆ ಕೇಳಿ, ಬೇಕಾದವರಿಗೆ ಮೆಥಡೋನ್, ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಈ ಮೂರರಲ್ಲಿ ಹೊಂದುವ ಔಷಧ ಕೊಡಲು ಶುರುಮಾಡಿದರು. ಮೊದಲೇ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಲಿಲ್ಲ. ಬಿಡುಗಡೆಯ ದಿನವೇ ಹೊರಗಿನ ಕ್ಲಿನಿಕ್ಕಿನಲ್ಲಿ ಹೆಸರು ಬರೆದಿರುತ್ತೆ. ಜೈಲಿನಿಂದ ಬಂದು ವರ್ಷದೊಳಗೆ ಡೋಸ್ ಹೆಚ್ಚಾಗಿ ಸತ್ತವರು 2016ರ ಮೊದಲ ಆರು ತಿಂಗಳಲ್ಲಿ 26 ಜನ. ಮರುವರ್ಷ ಅದೇ ಆರು ತಿಂಗಳಲ್ಲಿ 9 ಜನ.

ಇಲ್ಲಿ ಎಲ್ಲ ಸ್ವರ್ಗ ಅಂತ ತಿಳಿಯಬೇಡಿ. ಎಷ್ಟೋ ಕೌಂಟಿ (ನಮ್ಮ ಜಿಲ್ಲೆ ಇದ್ದಂಗೆ) ಜೈಲುಗಳಲ್ಲಿ ಇವತ್ತಿಗೂ ಒಂದು ಮಾತ್ರೆ ಕೊಟ್ಟು "ತಡ್ಕೋ" ಅಂತಾರೆ.

ತೆರಿಗೆದಾರ

ಮೆಥಡೋನ್ ಅಂದರೆ ಅದೂ ನಶೆಯೇ ಅಲ್ವಾ? ಬ್ರಾಂಡಿ ಬಿಡಿಸೋಕೆ ಬಿಯರ್ ಕೊಟ್ಟ ಹಾಗೆ ಆಯ್ತು. ಅದೂ ಸರ್ಕಾರದ ಖರ್ಚಲ್ಲಿ, ಜೈಲಿನ ಒಳಗೇ.

ಎರಡನೇ ಸಲ

ಇದಕ್ಕೆ ನಾ ಹೇಳ್ತೀನ್ರಿ. ನಾನು ವಿಜಯಪುರ ಕಡೆಯ ಲಾರಿ ಡ್ರೈವರ್. ಪಂಜಾಬ್ ಲೈನಿನಲ್ಲಿ ಒಂಬತ್ತು ವರ್ಷ ಓಡಿಸಿದೆ. ನಿದ್ದೆ ತಡೆಯೋಕೆ ಅಂತ ಢಾಬಾದಾಗ ಭುಕ್ಕಿ ಕಲಿತೆ. ಭುಕ್ಕಿ ಅಂದ್ರೆ ಗಸಗಸೆ ಕಾಯಿಯ ಸಿಪ್ಪೆ ಪುಡಿ. ಚಹಾದಾಗ ಹಾಕ್ಕೊಂಡು ಕುಡಿಯೋದು. ಮುಂದೆ ಅದು ಸಾಲದಾಯ್ತು. ಅಲ್ಲೇ ಸಿಕ್ಕಿಬಿದ್ದೆ, ಅಲ್ಲೇ ಜೈಲು.

ಮೊದಲ ಸಲ ಒಳಗೆ ಹೋದಾಗ ಔಷಧ ಏನೂ ಇರಲಿಲ್ಲ. ಎರಡು ವಾರ ನರಳಿದೆ. ಹೊರಗೆ ಬಂದು ಮೂರನೇ ದಿನಕ್ಕೆ ಮತ್ತೆ ಅದೇ ಢಾಬಾ. ಎರಡನೇ ಸಲ ಹೋದಾಗ ಓಟ್ ಕ್ಲಿನಿಕ್ ಬಂದಿತ್ತು, ಅಂದ್ರೆ ಚಟ ಬಿಡಿಸೋಕೆ ಬುಪ್ರೆನಾರ್ಫಿನ್ ಮಾತ್ರೆ ಕೊಡೋ ಜಾಗ. ಪಂಜಾಬಿನಾಗ 2017ರ ಅಕ್ಟೋಬರಿನಿಂದ ಊರೂರಿಗೆ ಶುರು ಮಾಡಿದರು, ಜೈಲಿಗೂ ಬಂತು. ದಿನಾ ಬೆಳಿಗ್ಗೆ ಸಾಲು. ಚೀಟಿ ನೋಡಿ ಮಾತ್ರೆ ಕೊಡ್ತಾರೆ, ನಾಲಿಗೆ ಕೆಳಗೆ ಇಟ್ಟುಕೊಂಡು ಅವರ ಮುಂದೇ ಕೂಡಬೇಕು. ಕರಗೋ ತನಕ ಮಾತಾಡೋ ಹಂಗಿಲ್ಲ. ಆಮೇಲೆ ಬಾಯಿ ತೆರೆದು ತೋರಿಸಬೇಕು. ಒಬ್ಬಾಂವ ಗಲ್ಲದಾಗ ಒತ್ತಿಟ್ಟು ಹೊರಗೆ ಮಾರೋಕೆ ಹೋಗಿ ಸಿಕ್ಕಿಬಿದ್ದಿದ್ದ.

ನಶೆ ಏರ್ತದಾ ಅಂತ ಕೇಳಿದ್ರಿ. ಇಲ್ಲರಿ. ಎರಡು ವಾರ ಆದ ಮೇಲೆ ಒಂದು ದಿನ ನನಗೆ ಮಧ್ಯಾಹ್ನ ಹಸಿವಾಯ್ತು. ಸುಮ್ನೆ, ಬರೀ ಹಸಿವು. ಎಷ್ಟೋ ವರ್ಷದಿಂದ ನನಗೆ "ಬೇಕು" ಅನಿಸಿದ್ದು ಒಂದೇ ವಸ್ತು. ಅವತ್ತು ರೊಟ್ಟಿ ಬೇಕು ಅನಿಸ್ತು. ಅಲ್ಲಿ ಸಿಕ್ಕಿದ್ದು ಚಪಾತಿ, ಅದು ಬೇರೆ ಮಾತು.

ಸ್ಟೆತೊಸ್ಕೋಪ್

ಇದಕ್ಕಿಂತ ಚೆನ್ನಾಗಿ ನನ್ನ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಬುಪ್ರೆನಾರ್ಫಿನ್ ಮಿದುಳಿನಲ್ಲಿ ಅಫೀಮು ಕೂರುವ ಜಾಗದಲ್ಲೇ ಕೂರುತ್ತೆ, ಆದರೆ ಅರ್ಧಂಬರ್ಧ ಕೆಲಸ ಮಾಡುತ್ತೆ. ಬಯಕೆ, ನಡುಕ ನಿಲ್ಲುತ್ತೆ. ಒಂದು ಮಟ್ಟದ ಮೇಲೆ ಎಷ್ಟು ತೆಗೆದುಕೊಂಡರೂ ಅದರ ಪರಿಣಾಮ ಏರಲ್ಲ. ಹಾಗಂತ ಮದ್ಯ, ನಿದ್ರೆ ಮಾತ್ರೆ ಜೊತೆ ಸೇರಿಸಿದರೆ ಅಪಾಯವೇ.

ತಿಹಾರ್ ಜೈಲಿನಲ್ಲಿ ಇದನ್ನು 2008ರಲ್ಲೇ ಶುರುಮಾಡಿದ್ದರು. ಹಾಗಾಗಿ "ನಮ್ಮ ದೇಶದ ಜೈಲಲ್ಲಿ ಇದೆಲ್ಲ ಆಗಲ್ಲ" ಅನ್ನೋ ಮಾತಿಗೆ ಅರ್ಥ ಇಲ್ಲ. ನಾನು ಕೆಲಸ ಮಾಡಿದ ಕಡೆ ಇರಲಿಲ್ಲ. ಕೇಳಿ ಪತ್ರ ಬರೆದೆ. "ಮಾತ್ರೆ ಕಳ್ಳಸಾಗಣೆ ಆದರೆ ಹೊಣೆ ಯಾರು" ಅಂತ ಉತ್ತರ ಬಂತು. ಆ ಭಯ ಪೂರ್ತಿ ಸುಳ್ಳೂ ಅಲ್ಲ.

ಬೀಗದಕೈ

ಸುಳ್ಳಲ್ಲ ಡಾಕ್ಟ್ರೇ. ಆದರೆ ಗೋಡೆ ಹಾರಿ ಬರೋ ಚೆಂಡಿಗೆ ಹೊಣೆ ಯಾರು ಅಂತ ಯಾರೂ ಪತ್ರ ಬರೆಯಲಿಲ್ಲ. ಇನ್ನೊಂದು ಮಾತು: ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿ, ಹತ್ತು ನಿಮಿಷ ಕೂರಿಸಿ, ಬಾಯಿ ನೋಡಬೇಕಾದರೆ ಸಿಬ್ಬಂದಿ ಬೇಕು. ನಮ್ಮಲ್ಲಿ ಒಬ್ಬ ವಾರ್ಡರ್ ಎರಡು ಬ್ಯಾರಕ್ ನೋಡ್ತಿದ್ದ. ಯೋಜನೆ ಮಾಡುವವರು ಮೊದಲು ಅದನ್ನು ಎಣಿಸಲಿ.

ಸುಮ್ನೆ ಓದುಗ

ಧರ್ಮಸ್ಥಳದವರು ಮಾಡುವ ಮದ್ಯವರ್ಜನ ಶಿಬಿರದ ತರಹ ಒಳಗೆ ಮಾಡಿದರೆ? ಭಜನೆ, ಯೋಗ, ಪ್ರಾರ್ಥನೆ. ತಿಹಾರ್‌ನಲ್ಲಿ ಕಿರಣ್ ಬೇಡಿ ಅವರ ಕಾಲದಲ್ಲಿ ವಿಪಶ್ಯನ ಧ್ಯಾನ ಮಾಡಿಸಿದ್ದರು ಅಲ್ವಾ?

ಸ್ಟೆತೊಸ್ಕೋಪ್

ಹೌದು, 1994ರಲ್ಲಿ. ಶಿಬಿರದಿಂದ ಕುಡಿತ ಬಿಟ್ಟವರನ್ನು ನಾನೂ ನೋಡಿದ್ದೇನೆ. ಮನೆಯವರನ್ನೂ ಜೊತೆಗೆ ಕರೆಯೋದು, ಆಮೇಲೆ ಊರಲ್ಲಿ ಒಂದು ಗುಂಪು ಕಟ್ಟೋದು, ಅದೇ ಅಲ್ಲಿನ ಶಕ್ತಿ. ಜೈಲಿನಲ್ಲೂ ಕೌನ್ಸೆಲಿಂಗ್ ಬೇಕು, ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ) ಗುಂಪಿನ ಸಭೆ ಬೇಕು, ಕೈಗೆ ಕೆಲಸ ಬೇಕು. ಆದರೆ ಮೂರನೇ ರಾತ್ರಿ ಇರುವೆ ಒರೆಸುತ್ತಿರುವವನಿಗೆ ಭಜನೆ ಹೇಳಿಸೋಕಾಗಲ್ಲ. ಮೊದಲು ಔಷಧ.

ಮಲೆನಾಡಿನ ಅಕ್ಕ

ಎಲ್ಲ ಓದಿದೆ. ಎರಡು ವಾರದ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ತೆರಿಗೆದಾರ ಅವರೇ, ನಿಮ್ಮ ಕೈ ಮುರಿದಿದ್ದಕ್ಕೆ ನನಗೆ ನಿಜಕ್ಕೂ ನಾಚಿಕೆ ಆಗುತ್ತೆ, ಅವನು ನನ್ನ ತಮ್ಮ ಅಲ್ಲದಿದ್ದರೂ. ಮೊಬೈಲ್ ಕಳೆದುಕೊಂಡ ಹುಡುಗಿ ಯಾರು ಅಂತ ಕೂಡ ನಮಗೆ ಗೊತ್ತಿಲ್ಲ.

ಕಾನೂನಿನಲ್ಲಿ ಏನಾದರೂ ದಾರಿ ಇದೆಯಾ? ಚಿಕಿತ್ಸೆಗೆ ಒಪ್ಪಿದರೆ ಕೇಸು ಬಿಡ್ತಾರೆ ಅಂತ ಯಾರೋ ಅಂದರು.

ಕರಿಕೋಟು

ಅದು ಅರ್ಧ ನಿಜ. ಎನ್‌ಡಿಪಿಎಸ್ ಅಂದರೆ ಮಾದಕವಸ್ತು ತಡೆಯ ಕಾಯ್ದೆ, 1985ರದ್ದು. ಅದರ 64ಎ ಕಲಂ ಪ್ರಕಾರ ಮಾದಕವಸ್ತು ಸೇವಿಸಿದ ಅಥವಾ ಸಣ್ಣ ಪ್ರಮಾಣ ಇಟ್ಟುಕೊಂಡ ಆರೋಪ ಇರುವ ವ್ಯಸನಿ ಮಾನ್ಯತೆ ಪಡೆದ ಆಸ್ಪತ್ರೆಗೆ ತಾನಾಗಿ ಚಿಕಿತ್ಸೆಗೆ ಹೋದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. 39ನೇ ಕಲಂ ಅಪರಾಧ ಸಾಬೀತಾದ ಮೇಲಿನದು. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಾದರೆ, ಅವನು ಒಪ್ಪಿದರೆ, ಕೋರ್ಟು ಶಿಕ್ಷೆಯ ಬದಲು ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ನನ್ನ ಅನುಭವದಲ್ಲಿ ಈ ಎರಡನ್ನೂ ಕೇಳುವ ವಕೀಲರೇ ಕಡಿಮೆ.

ಆದರೆ ನಿಮ್ಮ ತಮ್ಮನ ಮೇಲಿರೋದು ಕಿತ್ತುಕೊಂಡ ಕೇಸು, ಭಾರತೀಯ ನ್ಯಾಯ ಸಂಹಿತೆ 304. ಅವನಿಗೆ ಆ ಬಾಗಿಲು ತೆರೆಯಲ್ಲ. ನನ್ನನ್ನು ಕೇಳಿದರೆ ಕಾನೂನಿನ ದೊಡ್ಡ ತೂತೇ ಇದು. ಗಾಂಜಾ ಜೇಬಲ್ಲಿಟ್ಟುಕೊಂಡು ಸಿಕ್ಕರೆ ವ್ಯಸನಿ, ಗಾಂಜಾಕ್ಕೆ ದುಡ್ಡಿಲ್ಲದೆ ಕದ್ದರೆ ಬರೀ ಕಳ್ಳ. ನಾನು ನೋಡುವ ಹುಡುಗರಲ್ಲಿ ಎರಡನೇ ಜಾತಿಯವರೇ ಜಾಸ್ತಿ.

ಹಾಗಂತ ಕೈಕಟ್ಟಿ ಕೂರಬೇಡಿ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರಲ್ಲಿ ಮಾನಸಿಕ ಕಾಯಿಲೆ ಅನ್ನೋದಕ್ಕೆ ಕೊಟ್ಟಿರುವ ಅರ್ಥದಲ್ಲೇ ಮದ್ಯ, ಮಾದಕವಸ್ತುವಿನಿಂದ ಬರುವ ಮಾನಸಿಕ ಸ್ಥಿತಿ ಸೇರಿದೆ. ಅದೇ ಕಾಯ್ದೆಯ 103ನೇ ಕಲಂ ಪ್ರತಿ ರಾಜ್ಯದಲ್ಲಿ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು ಅನ್ನುತ್ತೆ. ಇದನ್ನು ಹಿಡಿದು ಒಂದು ಅರ್ಜಿ ಹಾಕಿಸಿ: ಮನೋವೈದ್ಯರಿಂದ ಪರೀಕ್ಷೆ ಆಗಲಿ, ಚಿಕಿತ್ಸೆ ಶುರುವಾಗಲಿ. ವಕೀಲರ ಫೀಸು ಕಷ್ಟ ಆದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ.

ಬೇಲ್ ತಡೆಯಬೇಡಿ. ನೀವು ಅರ್ಜಿ ಹಾಕದಿದ್ದರೂ ಅವನು ಒಂದು ದಿನ ಬರ್ತಾನೆ. ಮೊದಲ ಸಲದ ಆರೋಪಿಯಾದರೆ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದ ಮೇಲೆ ಬಿಡುಗಡೆ ಕೇಳಬಹುದು ಅಂತ ನಾಗರಿಕ ಸುರಕ್ಷಾ ಸಂಹಿತೆ 479 ಹೇಳುತ್ತೆ. ಪ್ರಶ್ನೆ ಯಾವ ದಿನ ಬರ್ತಾನೆ ಅನ್ನೋದಲ್ಲ, ಗೇಟಿನಿಂದ ಎಲ್ಲಿಗೆ ಹೋಗ್ತಾನೆ ಅನ್ನೋದು. ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿಸ್ತೀವಿ ಅಂತ ಜಾಮೀನು ಅರ್ಜಿಯಲ್ಲೇ ಬರೆಯಿರಿ. ತಮ್ಮ ಮನಸಾರೆ ಒಪ್ಪಿದ್ದರೆ ಮಾತ್ರ. ಷರತ್ತು ಮುರಿದರೆ ಬೇಲ್ ರದ್ದಾಗುತ್ತೆ.

ಸ್ಟೆತೊಸ್ಕೋಪ್

ಇದಕ್ಕೆ ನನ್ನ ಕಡೆಯಿಂದ ಮೂರು ಮಾತು. ಜೈಲಿನ ಡಾಕ್ಟರನ್ನು ಕಂಡು, ಎಷ್ಟು ಮಾತ್ರೆ, ಎಷ್ಟು ವರ್ಷ, ಚುಚ್ಚಿಕೊಳ್ಳುತ್ತಿದ್ದ ಅನ್ನೋದನ್ನೆಲ್ಲ ಮುಚ್ಚಿಡದೆ ಬರೆದುಕೊಡಿ. ಚುಚ್ಚಿಕೊಂಡವನಾದ್ದರಿಂದ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಲಿ. ಹೊರಬರುವಾಗ ಔಷಧದ ಚೀಟಿ ಕೈಯಲ್ಲೇ ಇರಲಿ. ಯಾವ ಔಷಧ ಅನ್ನೋದನ್ನು ಮನೋವೈದ್ಯರು ಹೇಳಲಿ. ನಾಲ್ಟ್ರೆಕ್ಸೋನ್ ಕೊಡ್ತಾರೋ ಬುಪ್ರೆನಾರ್ಫಿನ್ ಕೊಡ್ತಾರೋ ಇಲ್ಲಿ ಕೂತು ಹೇಳೋಕಾಗಲ್ಲ.

ಬಂದ ಮೇಲೆ ಒಂದು ವೇಳೆ ಎಬ್ಬಿಸಿದರೂ ಏಳದೆ, ತುಟಿ ನೀಲಿಯಾಗಿ, ಉಸಿರು ನಿಧಾನವಾದರೆ "ಮಲಗಿದ್ದಾನೆ" ಅಂತ ಬಿಡಬೇಡಿ. ಪಕ್ಕಕ್ಕೆ ಹೊರಳಿಸಿ, 108ಕ್ಕೆ ಫೋನ್ ಮಾಡಿ, ಏನು ತೆಗೆದುಕೊಂಡಿರಬಹುದು ಅಂತ ನಿಜ ಹೇಳಿ. ನಲಾಕ್ಸೋನ್ ಅನ್ನೋ ಚುಚ್ಚುಮದ್ದು ಇದೆ, ಹೊತ್ತಿಗೆ ಸಿಕ್ಕರೆ ಉಸಿರು ವಾಪಸ್ ತರುತ್ತೆ.

ತೆರಿಗೆದಾರ

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಕದ್ದವನಿಗೆ ಶಿಕ್ಷೆ ಆಗಲೇಬೇಕು. ಆದರೆ ಶಿಕ್ಷೆ ಅಂದರೆ ಇರುವೆ ಒರೆಸುತ್ತಾ ಸಾಯೋದಲ್ಲ, ಒಪ್ಪಿದೆ. ನನ್ನ ಫೋನ್ ಕಿತ್ತುಕೊಂಡವನು ಹೊರಗೆ ಬಂದ ಮೇಲೆ ಇನ್ನೊಬ್ಬರದ್ದು ಕಿತ್ತುಕೊಂಡರೆ ಅದಕ್ಕೂ ನಾವೇ ತಾನೇ ಖರ್ಚು ಕಟ್ಟೋದು.

ಎರಡನೇ ಸಲ

ಅಕ್ಕಾರ, ಒಂದು ಮಾತು ಬಿಟ್ಟಿದ್ದೆ. ಬಿಡುಗಡೆ ದಿನ ನನ್ನ ಹೆಂಡತಿ ಗೇಟಿಗೆ ಬಂದಿದ್ದಳು. ಅದಕ್ಕೇ ಉಳಿದೆ. ಸಂಜೆ ಹೊತ್ತು ಬಿಡ್ತಾರೆ, ಕೈಯಾಗ ರೊಕ್ಕ ಇರಲ್ಲ, ಫೋನ್ ಇರಲ್ಲ, ನೆನಪಿರೋದು ಹಳೇ ಗೆಳೆಯನ ಮನೆ ಒಂದೇ. ಅವನನ್ನು ಕರಕೊಂಡು ಬರೋಕೆ ಬ್ಯಾರೆ ಯಾರನ್ನೂ ಕಳಿಸಬ್ಯಾಡ್ರಿ, ನೀವೇ ಹೋಗ್ರಿ.

ಮಲೆನಾಡಿನ ಅಕ್ಕ

ಐದು ವಾರದ ನಂತರ ಬರೀತಿದ್ದೇನೆ. ಕೇಳಿದವರಿಗೆಲ್ಲ ಉತ್ತರ ಕೊಡೋಕಾಗಲಿಲ್ಲ.

ಅಮ್ಮನಿಗೆ ಗದ್ದೆ, ಗುದ್ದಲಿ, ಬೊಬ್ಬೆಯ ಮಾತು ಹೇಳಿದೆ. ಉಳಿದ ಲೆಕ್ಕವೆಲ್ಲ ಅವಳ ತಲೆಗೆ ಹೋಗಲಿಲ್ಲ, ಇದು ಹೋಯಿತು. ಅಂಗೈ ನೋಡಿಕೊಂಡು ಸುಮ್ಮನೆ ಕೂತಿದ್ದಳು. ಅರ್ಜಿ ಹಾಕಿಸಿದೆವು. ಜೈಲಿನ ಡಾಕ್ಟರು ಒಳ್ಳೆಯವರು, ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿದರು. ಜಾಮೀನು ಆಯಿತು. ಬಿಡುಗಡೆಯ ದಿನ ಮಧ್ಯಾಹ್ನ ಮೂರು ಗಂಟೆಯಿಂದ ಗೇಟಿನ ಮುಂದೆ ನಿಂತಿದ್ದೆವು. ಬಿಟ್ಟಿದ್ದು ಏಳೂವರೆಗೆ. ನಾನು, ಮಾವ, ಒಂದು ಆಟೋ. ಸೀದಾ ಆಸ್ಪತ್ರೆ.

ಈಗ ಬಂದು 16 ದಿನ. ಹದಿನಾಲ್ಕು ಮುಗಿಯುವವರೆಗೂ ಅವನ ಕೋಣೆಯ ಚಿಲಕ ತೆಗೆಸಿಹಾಕಿದ್ದೆವು. ರಾತ್ರಿ ಅಮ್ಮ ಎದ್ದೆದ್ದು ಉಸಿರು ನೋಡ್ತಿದ್ದಳು. ಒಂದು ದಿನ ಹಳೇ ಗೆಳೆಯನ ಫೋನ್ ಬಂತು, ಹೊರಗೆ ಹೋಗಿ ಮಾತಾಡಿ ಬಂದ. ಏನು ಅಂತ ಕೇಳಿಲ್ಲ. ಕೇಳಬೇಕಿತ್ತೋ ಏನೋ. ಮಾತ್ರೆ ಮಾತ್ರ ನನ್ನ ಮುಂದೆಯೇ ತಗೊಳ್ತಿದ್ದಾನೆ.

ನಿನ್ನೆ ಹಂಡೆ ಎಷ್ಟಕ್ಕೆ ಮಾರಿದ್ದು ಅಂತ ತಾನಾಗಿ ಹೇಳಿದ. ಗುಜರಿಯವನ ಅಂಗಡಿ ನೆನಪಿದೆಯಂತೆ, ಹೋಗಿ ಕೇಳಿ ಬರೋಣ ಅಂತಾನೆ. ಎಷ್ಟೋ ದಿನ ಆಯ್ತಲ್ಲೋ, ಇನ್ನೂ ಇರುತ್ತಾ ಅಂದೆ. ಆದರೂ ಭಾನುವಾರ ಹೋಗ್ತಿದ್ದೇವೆ.